ಅರ್ಥ ಅರ್ಧವಾದಾಗ

ಕನ್ನಡದ ‘ಥ’ಕ್ಕೂ ‘ಧ’ಕ್ಕೂ ಇರುವ ವ್ಯತ್ಯಾಸ ಹೊಟ್ಟೆಯೊಳಗಿನ ಒಂದು ಚುಕ್ಕೆ, ಅಷ್ಟೆ. ಅದು ಅಳಿಸಿಹೋದರೆ ‘ಅರ್ಥ’ವೆಂಬುದು ‘ಅರ್ಧ’ವಾಗಿಬಿಡುತ್ತದೆ. ಮೊಳೆ ಜೋಡಿಸಿ ಅಚ್ಚು ಹಾಕುತ್ತಿದ್ದ ಕಾಲದಲ್ಲಿ ಈ ಚುಕ್ಕೆಯನ್ನು ಕಾಯಲು ಕರಡು ತಿದ್ದುವವರಿದ್ದರು. ಕಂಪ್ಯೂಟರಿನ ಪರದೆಯ ಮೇಲೆ ಅದನ್ನು ಕಾಯುವವರು ಯಾರು?

ನನ್ನ ತಾಯಿಗೆ ಎಂಬತ್ತು ಹತ್ತಿರವಾಯಿತು. ಕಣ್ಣಿನ ಪೊರೆ ತೆಗೆಸಿದ ಮೇಲೆ ಪತ್ರಿಕೆಯನ್ನು ಪರದೆಯಲ್ಲಿ ದೊಡ್ಡ ಅಕ್ಷರ ಮಾಡಿಕೊಂಡು ಓದುವುದು ಅವರ ರೂಢಿ. ಯಂತ್ರ ಹಳೆಯದು, ಒಳಗಿರುವುದು ಲಿನಕ್ಸ್. ಪರದೆಯನ್ನು ಅವರು ಕೂರುವ ಕಿಟಕಿಯ ಹತ್ತಿರ ಇಡಬೇಕೆಂದು ಅಂಗಡಿಯಿಂದ ಉದ್ದನೆಯ ಕೇಬಲ್ ತರಿಸಿದೆವು. ಅಂದಿನಿಂದ ಅಕ್ಷರಗಳು ಅಡ್ಡಡ್ಡ ಹಿಗ್ಗಿ, ಒತ್ತುಗಳು ಒಂದಕ್ಕೊಂದು ಮೆತ್ತಿಕೊಂಡವು. ಅಮ್ಮ ದೂರಲಿಲ್ಲ. ಎರಡು ದಿನ ಸುಮ್ಮನಿದ್ದು ಮೂರನೆಯ ದಿನ, “ಪೊರೆ ಮತ್ತೆ ಬಂದಿದೆ ಅಂತ ಕಾಣುತ್ತೆ. ಓದಿದ್ದು ಸಾಕು ಬಿಡು” ಎಂದರು. ಆ ಮಾತು ಕೇಳಿ ನನಗೆ ದಿಗಿಲಾಯಿತು.

ಕಣ್ಣಿನ ಡಾಕ್ಟರು ಪರೀಕ್ಷಿಸಿ, ಕಣ್ಣಿಗೆ ಏನೂ ಆಗಿಲ್ಲ ಎಂದರು. ಅಂಗಡಿಯವರು ಮಾತ್ರ, “ಲಿನಕ್ಸ್ ಅಲ್ವಾ ಸಾರ್? ಡ್ರೈವರ್ ಸಿಕ್ಕಲ್ಲ. ಹೊಸ ಗ್ರಾಫಿಕ್ಸ್ ಕಾರ್ಡ್ ಹಾಕಿಸಿಬಿಡಿ” ಎಂದು ತೀರ್ಪು ಕೊಟ್ಟರು.

ಈ ಸಂಶಯ ಹುಟ್ಟಲು ಹಿಂದಿನ ಕಥೆ ಕಾರಣ. ಡ್ರೈವರ್ ಎಂದರೆ ಕಾರ್ಡಿನ ಭಾಷೆ ಬಲ್ಲ ದುಭಾಷಿ. ಕಾರ್ಡು ತಯಾರಿಸಿದವರು ಆ ಭಾಷೆಯನ್ನು ಗುಟ್ಟಾಗಿಟ್ಟರೆ ಹೊರಗಿನವರು ಕಲಿಯುವುದೆಂತು? ಎನ್‌ವಿಡಿಯಾ ಕಾರ್ಡುಗಳಿಗೆ ‘ನೂವೋ’ ಎಂಬ ಮುಕ್ತ ಡ್ರೈವರ್ ಬರೆದವರು, ಕಾರ್ಡಿನ ಒಳಕ್ಕೆ ಏನು ಹೋಗುತ್ತದೆ, ಹೊರಕ್ಕೆ ಏನು ಬರುತ್ತದೆ ಎಂದು ಗಮನಿಸುತ್ತಲೇ ಭಾಷೆ ಕಲಿತರು. 2010ರಲ್ಲಿ ಅದು ಲಿನಕ್ಸಿನ ತಿರುಳಿಗೆ ಸೇರಿತು. ಲಿನಕ್ಸಿನ ಜನಕ ಲಿನಸ್ ಟೋರ್ವಾಲ್ಡ್ಸ್ 2012ರಲ್ಲಿ ಫಿನ್ಲೆಂಡಿನ ಆಲ್ಟೊ ವಿಶ್ವವಿದ್ಯಾಲಯದ ಸಭೆಯಲ್ಲಿ ಆ ಕಂಪೆನಿಯ ಮೇಲಿನ ಸಿಟ್ಟನ್ನು ಕ್ಯಾಮೆರಾದ ಎದುರೇ ಬೆರಳೆತ್ತಿ ತೋರಿಸಿದ್ದೂ ಉಂಟು. ಎ.ಎಂ.ಡಿ. 2007ರಲ್ಲೇ ತನ್ನ ಕಾರ್ಡುಗಳ ವಿವರಗಳನ್ನು ಪ್ರಕಟಿಸತೊಡಗಿತ್ತು. 2022ರಲ್ಲಿ ಎನ್‌ವಿಡಿಯಾ ಕೂಡ ತನ್ನ ಹೊಸ ಕಾರ್ಡುಗಳಿಗಾಗಿ, ತಿರುಳಿನೊಳಗೆ ಕೂರುವ ಭಾಗವನ್ನು ತೆರೆದಿಟ್ಟಿತು.

ನಮ್ಮ ಯಂತ್ರದ ಕಾರ್ಡಿಗೆ ದುಭಾಷಿ ಇದ್ದನೇ? ‘ಎಲ್‌ಎಸ್‌ಪಿಸಿಐ’ ಎಂಬ ಆಜ್ಞೆ ಕೊಟ್ಟರೆ ಯಾವ ಕಾರ್ಡಿಗೆ ಯಾವ ಡ್ರೈವರ್ ಕೆಲಸ ಮಾಡುತ್ತಿದೆ ಎಂದು ಯಂತ್ರವೇ ಹೇಳುತ್ತದೆ. ಕೇಳಿದೆ. ದುಭಾಷಿ ತನ್ನ ಜಾಗದಲ್ಲೇ ಇದ್ದ. ಹಾಗಾದರೆ ಕಾರ್ಡಿಗೆ ಶಿಕ್ಷೆ ಕೊಡುವುದು, ಎತ್ತಿಗೆ ಜ್ವರ ಬಂದರೆ ಎಮ್ಮೆಗೆ ಬರೆ ಹಾಕಿದಂತೆ.

ಉಳಿದದ್ದು ಪರದೆ. ಪರದೆಯೂ ತನ್ನ ಪರಿಚಯ ತಾನೇ ಹೇಳಿಕೊಳ್ಳುತ್ತದೆಂಬುದು ಹಲವರಿಗೆ ತಿಳಿದಿರಲಾರದು. 1994ರಲ್ಲಿ ರೂಪುಗೊಂಡ ಏರ್ಪಾಡಿದು, ಹೆಸರು ‘ಇಡಿಐಡಿ’. ನಾನು ಇಂಥ ಪರದೆ, ನನ್ನ ಉದ್ದಗಲ ಇಷ್ಟು ಎಂಬ ಸಂಗತಿಯೆಲ್ಲ 128 ಬೈಟುಗಳಲ್ಲಿ ಅಡಕ. ಹದಿನೈದು ಕಡ್ಡಿಗಳ ವಿಜಿಎ ಕೇಬಲ್ಲಿನಲ್ಲಿ ಈ ಮಾತು ಸಾಗುವುದು 12 ಮತ್ತು 15ನೆಯ ಕಡ್ಡಿಗಳ ಮೂಲಕ. ಕೆಲವು ಅಗ್ಗದ ಕೇಬಲ್ಲುಗಳಲ್ಲಿ ಈ ತಂತಿಗಳೇ ಇರುವುದಿಲ್ಲ. ಚಿತ್ರ ಬರುತ್ತದೆ, ಪರಿಚಯ ಮುಟ್ಟುವುದಿಲ್ಲ. ಗುರುತಿಲ್ಲದ ಅತಿಥಿಗೆ ಸಪ್ಪೆ ಅಡುಗೆ ಬಡಿಸುವಂತೆ, ಯಂತ್ರ ಎಲ್ಲರಿಗೂ ಒಗ್ಗುವ 1024×768 ಚುಕ್ಕೆಗಳನ್ನಷ್ಟೇ ಕಳಿಸುತ್ತದೆ. ನಮ್ಮ ಪರದೆಯದ್ದು 1920×1080. ಕಡಿಮೆ ಚುಕ್ಕೆಗಳನ್ನು ಎಳೆದೆಳೆದು ಅಗಲ ತುಂಬಿಸುವಾಗ ‘ಥ’ದ ಹೊಟ್ಟೆಯೊಳಗಿನ ಚುಕ್ಕೆಗೆ ಜಾಗವೆಲ್ಲಿ?

ಪರದೆ ಹೇಳಿದ ಪರಿಚಯವನ್ನು ಲಿನಕ್ಸ್ ಒಂದು ಕಡತದಲ್ಲಿ ಇಟ್ಟುಕೊಳ್ಳುತ್ತದೆ. ತೆರೆದು ನೋಡಿದರೆ ಖಾಲಿ! ಹಳೆಯ ಗಿಡ್ಡ ಕೇಬಲ್ ಸಿಕ್ಕಿಸಿದೊಡನೆ ಅದು ತುಂಬಿತು. ಅಕ್ಷರಗಳು ಮೈ ನೆಟ್ಟಗೆ ಮಾಡಿಕೊಂಡು ನಿಂತವು.

ಆದರೆ ಗಿಡ್ಡ ಕೇಬಲ್ ಕಿಟಕಿಯವರೆಗೆ ಬಾರದು. ಪರದೆ ಹೇಳಲಾಗದ್ದನ್ನು ನಾವೇ ಹೇಳಿಕೊಡುವ ದಾರಿಯೂ ಇದೆ. ‘ಸಿವಿಟಿ’ ಎಂಬ ಪುಟ್ಟ ತಂತ್ರಾಂಶ ಬೇಕಾದ ಅಳತೆಗೆ ತಕ್ಕ ಅಂಕಿಗಳನ್ನು ಲೆಕ್ಕ ಹಾಕುತ್ತದೆ. ಅವನ್ನು ‘ಎಕ್ಸ್‌ರ್ಯಾಂಡರ್’ ಆಜ್ಞೆಯಿಂದ ಯಂತ್ರಕ್ಕೆ ಒಪ್ಪಿಸಿ, ಪರೀಕ್ಷಿಸಿ, ಮರುದಿನವೂ ನೆನಪಿರಲೆಂದು ಸಂರಚನಾ ಕಡತದಲ್ಲಿ ಬರೆದಿಡಬೇಕು. ಇದು ‘ಎಕ್ಸ್’ ಇರುವ ಯಂತ್ರಗಳ ಮಾತು. ಹೊಸ ‘ವೇಲ್ಯಾಂಡ್’ ಇದ್ದರೆ ದಾರಿ ಬೇರೆ. ಹಿಂದೆ ಗಾಜಿನ ಕೊಳವೆಯ ಪರದೆಗಳಿದ್ದಾಗ ಈ ಅಂಕಿಗಳನ್ನು ಹಲವರು ಕೈಯಾರೆ ಬರೆಯಬೇಕಿತ್ತು. ತಪ್ಪಿದರೆ ಕೆಲವು ಪರದೆಗಳು ಕೆಡುವ ಭಯವೂ ಇತ್ತು.

ಖರ್ಚು ಒಂದು ಸಂಜೆ, ಎರಡು ಲೋಟ ಕಾಫಿ. ಕಾರ್ಡು ಹಳೆಯದೇ ಉಳಿಯಿತು. ಲಿನಕ್ಸಿನಲ್ಲಿ ಎಲ್ಲವೂ ಸಲೀಸೆಂದು ನಾನು ಹೇಳಲಾರೆ. ತಾಳ್ಮೆ ಕೆಡಿಸುವ ಸಂಜೆಗಳೂ ಇವೆ. ಆದರೆ ಬೀಗ ಹಾಕದ ಮನೆಯಲ್ಲಿ ಕಳೆದ ವಸ್ತುವನ್ನು ಹುಡುಕಬಹುದು, ಕೋಣೆ ಕೋಣೆಗೆ ಹೋಗಿ ನೋಡಬಹುದು. ಬೀಗದ ಕೈ ಬೇರೆಯವರ ಬಳಿ ಇದ್ದರೆ ಅವರು ಹೇಳಿದ್ದೇ ವೇದ, ಅವರು ಕೇಳಿದ್ದೇ ಬೆಲೆ.

ಮನೆಯ ಹಿರಿಯರು “ಇನ್ನು ಓದಲಾಗದು” ಎಂದರೆ ಕಣ್ಣನ್ನು ಡಾಕ್ಟರಿಗೆ ತೋರಿಸಿ. ಬಂದ ಮೇಲೆ ಪರದೆಯ ಹಿಂದಿನ ಕೇಬಲ್ಲನ್ನೂ ಒಮ್ಮೆ ನೋಡಿ. ವಯಸ್ಸಾದವರು ಯಂತ್ರದ ತಪ್ಪನ್ನೂ ತಮ್ಮ ಮೈಮೇಲೆ ಹಾಕಿಕೊಂಡು ಸುಮ್ಮನಾಗಿಬಿಡುತ್ತಾರೆ.