ಅರವತ್ತರ ಮಾನಿಟರು

ಕನಕಪುರದ ಆ ಗೃಹಸ್ಥರು ರೇಷ್ಮೆ ವರ್ತಕರ ಲೆಕ್ಕ ಬರೆದು ಸಂಸಾರ ಸಾಗಿಸುವವರು. ಹತ್ತು ವರ್ಷ ದುಡಿದ ಅವರ ಕಂಪ್ಯೂಟರಿಗೆ ರೋಗವೇನೂ ಇರಲಿಲ್ಲ. ಆದರೆ 2025ರ ಅಕ್ಟೋಬರ್ 14ಕ್ಕೆ ವಿಂಡೋಸ್ 10ರ ಬೆಂಬಲ ಮುಗಿಯಿತು; ವಿಂಡೋಸ್ 11 ಆ ಹಳೆಯ ಪ್ರೊಸೆಸರನ್ನು ಒಪ್ಪಲಿಲ್ಲ. ದುಡಿಯುವ ಶಕ್ತಿಯಿದ್ದೂ ನಿವೃತ್ತಿ!

ಹೊಸದನ್ನು ಕೊಳ್ಳುವ ಮಾತು ಬಂದೊಡನೆ ಮನೆಯಲ್ಲಿ ಎರಡು ಪಕ್ಷಗಳಾದುವು. ತಂದೆಗೆ ಬೇಕಾದುದು ಅಂಕಿಗಳು ಸ್ಫುಟವಾಗಿ ಕಾಣುವ ಅಗಲವಾದ ಮಾನಿಟರು. ಕಾಲೇಜು ಓದುವ ಮಗನಿಗೆ ಬೇಕಾದುದು ಆಟಕ್ಕೆ ತಕ್ಕ ಗ್ರಾಫಿಕ್ಸ್ ಕಾರ್ಡು, ಸೆಕೆಂಡಿಗೆ 144 ಬಾರಿ ಚಿತ್ರ ಬದಲಿಸುವ ಮಾನಿಟರು. ಮನೆಯಲ್ಲಿದ್ದುದು 60 ಬಾರಿಯದು.

“ಅಷ್ಟೊಂದು ಅವಸರವೇಕೋ?” ಎಂದರು ತಂದೆ.

“ಅರವತ್ತರದು ಈಗ ಯಾತಕ್ಕೂ ಬಾರದಪ್ಪಾ.”

ಆ ವರ್ಷವೇ ಅರವತ್ತು ತುಂಬಿದ್ದ ತಂದೆ ಸುಮ್ಮನಾದರು.

ಬೆಂಗಳೂರಿನ ಎಸ್. ಪಿ. ರಸ್ತೆಯಲ್ಲಿ ಇಬ್ಬರೂ ಅಂಗಡಿಯಿಂದ ಅಂಗಡಿಗೆ ಅಲೆದರು. ಮಗ ಬಯಸಿದ ಕಾರ್ಡೊಂದೇ ಗಂಟಿನ ಬಹುಭಾಗವನ್ನು ನುಂಗುವಂತಿತ್ತು. ಅವನು ಮಧ್ಯಮ ದರ್ಜೆಯದಕ್ಕೆ ಒಪ್ಪಿದ. ಉಳಿದ ಹಣಕ್ಕೆ ದೊರೆತುದು 27 ಅಂಗುಲದ ಒಂದೇ ಮಾನಿಟರು. ಅಂಕಿಗಳೂ ಸ್ಫುಟ, ಆಟಕ್ಕೂ ವೇಗ.

ಮನೆಗೆ ಬಂದ ಮೇಲೆ ತಂದೆ ಹಳೆಯ ಮಾನಿಟರನ್ನು ಅಟ್ಟಕ್ಕೆ ಹಾಕಲು ಎತ್ತಿದರು. ಮಗ ತಡೆದ.

“ಇಲ್ಲೇ ಪಕ್ಕದಲ್ಲಿರಲಿ ಅಪ್ಪಾ. ಲೆಕ್ಕಕ್ಕೆ ಅರವತ್ತರದೇ ಸಾಕು. ಅದಿಲ್ಲದೆ ನಿಮ್ಮ ಕೆಲಸ ಸಾಗದು.”

ತಂದೆ ಅದನ್ನು ಮೇಜಿನ ಮೇಲಿಟ್ಟು, ಧೂಳೊರೆಸಿದರು. ತುಸು ಹೆಚ್ಚು ಹೊತ್ತೇ ಒರೆಸಿದರು.