ರಂಗನತಿಟ್ಟಿನ ನೀರಿನ ಲೆಕ್ಕ

ದೋಣಿ ದಡ ಬಿಟ್ಟಿದೆ. ಏಪ್ರಿಲ್ ತಿಂಗಳ ಬೆಳಗು, ಬಿಸಿಲಿನ್ನೂ ಎಳೆಯದು. ಅಂಬಿಗರು ಹುಟ್ಟು ಎತ್ತಿದಾಗಲೆಲ್ಲ ಅದರ ತುದಿಯಿಂದ ನೀರು ತೊಟ್ಟಿಕ್ಕುವುದು ಕೇಳುತ್ತದೆ. ಹಕ್ಕಿ ಕಾಣುವುದಕ್ಕೆ ಮೊದಲೇ ಅದರ ವಾಸನೆ ಬರುತ್ತದೆ: ಹಿಕ್ಕೆ, ಮೀನು, ಕಾದ ಕೆಸರು ಎಲ್ಲ ಬೆರೆತ ಘಾಟು.

"ಅಲ್ನೋಡಿ ಸಾ, ಬಂಡೆ ಮ್ಯಾಲೆ."

ಮೊಸಳೆ ಬಾಯಿ ತೆರೆದು ಮಲಗಿದೆ. ಅದು ಕೋಪವಲ್ಲ, ಮೈಯ ಕಾವು ಇಳಿಸಿಕೊಳ್ಳುವ ರೀತಿ. ಅದರ ನೆತ್ತಿಯ ಮೇಲಿನ ಮರದ ತುಂಬ ಬಣ್ಣದ ಕೊಕ್ಕರೆಗಳ ಗೂಡು. ದೊಡ್ಡ ಹಕ್ಕಿಗಳಿಗೆ ಕೂಗಲು ಬಾರದು, ಕೊಕ್ಕು ಬಡಿದು ಟಕಟಕ ಎನ್ನಿಸುತ್ತವೆ. ಗಲಾಟೆಯೆಲ್ಲ ಬೂದು ಬಣ್ಣದ ಮರಿಗಳದ್ದು. ಬಿಸಿಲೇರಿದರೆ ತಾಯಿಯೋ ತಂದೆಯೋ ರೆಕ್ಕೆ ಅಗಲಿಸಿ ನಿಲ್ಲುತ್ತದೆ, ಮರಿಗಳು ಆ ನೆರಳಿಗೆ ಸರಿಯುತ್ತವೆ. ಗಂಟೆಗಟ್ಟಲೆ ಹಾಗೇ ನಿಂತಿರುವ ಹಕ್ಕಿಯನ್ನು ನೋಡಿದ ಮೇಲೆ ಬೇಸಗೆಯ ರಂಗನತಿಟ್ಟಿನಲ್ಲಿ ನೋಡುವಂಥದ್ದೇನಿಲ್ಲ ಎನ್ನುವವರ ಮಾತನ್ನು ನಾನು ಒಪ್ಪಲಾರೆ.

ಈ ತಿಟ್ಟುಗಳು ಮೂಡಿದ್ದೇ ಒಂದು ಒಡ್ಡಿನಿಂದ. 17ನೇ ಶತಮಾನದ ನಡುಭಾಗದಲ್ಲಿ ಕಂಠೀರವ ನರಸರಾಜ ಒಡೆಯರ್ ಕಾವೇರಿಗೆ ಅಡ್ಡಲಾಗಿ ಅದನ್ನು ಕಟ್ಟಿಸಿದರು. ನೀರು ನಿಂತಿತು, ಎತ್ತರದ ನೆಲ ದ್ವೀಪವಾಯಿತು, ಹೊಳೆಮತ್ತಿಯೂ ಬಿದಿರೂ ಮುಂಡುಗವೂ ಬೆಳೆದವು. ಮುಂದೆ ಪಕ್ಷಿತಜ್ಞ ಸಲೀಂ ಅಲಿ ಇಲ್ಲಿ ಹಕ್ಕಿಗಳು ಗೂಡು ಕಟ್ಟಿ ಮರಿ ಮಾಡುವುದನ್ನು ನೋಡಿ ಮೈಸೂರಿನ ಅರಸರಿಗೆ ಹೇಳಿದ್ದರಿಂದ 1940ರಲ್ಲಿ ಪಕ್ಷಿಧಾಮವಾಯಿತು. 2022ರಲ್ಲಿ ರಾಜ್ಯದ ಮೊದಲ ರಾಮ್ಸಾರ್ ತಾಣವೂ ಆಯಿತು.

ದೋಣಿ ತಿರುಗಿದೆ. ನದಿ ಇಳಿದು ಬರಿ ಬಂಡೆಗಳು ಎದ್ದಿವೆ. ಒಂದರ ಇಳಿಜಾರಿನ ತಳದಲ್ಲಿ ಅಂಬರಗುಬ್ಬಿಗಳು ಮಣ್ಣುಂಡೆ ಅಂಟಿಸಿ ಕಟ್ಟಿದ ಗೂಡುಗಳು ಒತ್ತೊತ್ತಾಗಿವೆ. ಪಕ್ಕದ ಬಂಡೆಯ ಮೇಲೆ ಕಪ್ಪು ಟೋಪಿ, ಹಳದಿ ಕೊಕ್ಕಿನ ನದಿ ರೀವ ಕೂತಿದೆ. ಅದಕ್ಕೆ ಗೂಡಿಲ್ಲ, ಕಡ್ಡಿಯಿಲ್ಲ. ಕಲ್ಲಿನ ತಗ್ಗಿನಲ್ಲೇ ಮೊಟ್ಟೆ. ಚುಕ್ಕೆಗಳ ಆ ಮೊಟ್ಟೆ ಕಲ್ಲಿನೊಳಗೆ ಕಲ್ಲಾಗಿ ಹೋಗಿದೆ, ಅಂಬಿಗರು ಬೆರಳು ತೋರಿದ ಮೇಲೂ ಕಾಣಲು ಹೊತ್ತು ಹಿಡಿಯುತ್ತದೆ. ನದಿ ರೀವ ಜಗತ್ತಿನಲ್ಲೇ ಕಡಿಮೆಯಾಗುತ್ತಿರುವ ಹಕ್ಕಿ. ಅದರ ಸಂಸಾರ ನಿಂತಿರುವುದು ಈ ಬಂಡೆ ನೀರಿನಿಂದ ಎಷ್ಟು ಮೇಲಿದೆ ಎಂಬುದರ ಮೇಲೆ. ಆ ಮಟ್ಟವನ್ನು ಈಗ ಮಳೆಯೊಂದೇ ತೀರ್ಮಾನಿಸುವುದಿಲ್ಲ. ಮೇಲಿನ ಕನ್ನಂಬಾಡಿ ಕಟ್ಟೆಯಿಂದ ಎಷ್ಟು ನೀರು ಬಿಡುತ್ತಾರೆ ಎಂಬುದೂ ತೀರ್ಮಾನಿಸುತ್ತದೆ.

ಜೂನ್ ದಾಟಿದರೆ ಲೆಕ್ಕ ಬೇರೆ. ನಾಲೆಗೆ ನೀರು ಹರಿದು ಮಂಡ್ಯ ಸೀಮೆಯ ಗದ್ದೆಗಳು ಕೆಸರಾಗುತ್ತವೆ, ಗದ್ದೆಯಲ್ಲಿ ಬಸವನಹುಳು ಹೆಚ್ಚುತ್ತದೆ, ಆ ಹುಳು ನಂಬಿದ ಬಾಯ್ಕಳಕ ಕೊಕ್ಕರೆ ಆಗ ಗೂಡು ಹೂಡುತ್ತದೆ. ರೈತರ ನಾಟಿಯೂ ಕೊಕ್ಕರೆಯ ಬಾಣಂತನವೂ ಒಂದೇ ನೀರಿನ ಮೇಲೆ ನಡೆಯುತ್ತವೆ. ಕಟ್ಟೆ ತುಂಬಿ ನೀರು 124.80 ಅಡಿಗೆ ಬಂತೆಂದರೆ ನಾಡೆಲ್ಲ ಸಂಭ್ರಮಿಸುತ್ತದೆ, ನಾನೂ ಸಂಭ್ರಮಿಸುತ್ತೇನೆ. ಆದರೆ ಗೇಟು ತೆರೆದು ಪ್ರವಾಹ ಬಂದಾಗ ಇಲ್ಲಿ ದೋಣಿ ಕಟ್ಟಿಹಾಕುತ್ತಾರೆ, ಬಂಡೆಗಳು ಮುಳುಗುತ್ತವೆ, ತಗ್ಗಿನ ಕೊಂಬೆಗಳ ಗೂಡುಗಳು ಕೊಚ್ಚಿಹೋಗುತ್ತವೆ. ದ್ವೀಪದ ಅಂಚು ಕುಸಿಯದಂತೆ ಮರಳಿನ ಮೂಟೆ ಪೇರಿಸಬೇಕಾಗುತ್ತದೆ.

ಚಳಿಗಾಲದಲ್ಲಿ ವಲಸೆ ಹಕ್ಕಿಗಳೂ ಪ್ರವಾಸದ ಬಸ್ಸುಗಳೂ ಒಟ್ಟಿಗೇ ಬರುತ್ತವೆ. ಅದು ಎಲ್ಲರಿಗೂ ಗೊತ್ತಿರುವ ರಂಗನತಿಟ್ಟು.

ನೀವು ಬೇಸಗೆಯಲ್ಲೂ ಬನ್ನಿ. ಬೆಳಗ್ಗೆ ಬೇಗ ಬನ್ನಿ, ದೋಣಿಯಲ್ಲಿ ಮೆಲ್ಲಗೆ ಮಾತಾಡಿ. ಫೋಟೊ ಚೆನ್ನಾಗಿ ಬರಲಿ, ಇನ್ನೂ ಹತ್ತಿರ ಹೋಗಿ ಎಂದು ಅಂಬಿಗರನ್ನು ಒತ್ತಾಯಿಸಬೇಡಿ. ನಮ್ಮನ್ನು ಕಂಡು ಹಾರಿಹೋದ ರೀವ ಮರಳಿ ಬರುವಷ್ಟರಲ್ಲಿ ಕಾದ ಕಲ್ಲಿನ ಮೇಲಿನ ಮೊಟ್ಟೆ ಕೆಟ್ಟುಹೋಗಬಹುದು.