ನಾನು ನೊಣ ಕಟ್ಟಲು ಕೂತದ್ದು

ನನಗೆ ಕಟ್ಟಲು ಬರುವ ವಸ್ತುಗಳ ಪಟ್ಟಿ ಚಿಕ್ಕದೇನಲ್ಲ. ಬಾಳೆನಾರಿನಲ್ಲಿ ಮಲ್ಲಿಗೆ, ಜಾಜಿ, ಅಬ್ಬಲಿಗೆ ಕಟ್ಟುತ್ತೇನೆ. ಪರೀಕ್ಷೆಯ ಹೊತ್ತಿನಲ್ಲಿ ಉತ್ತರಪತ್ರಿಕೆಗಳ ಕಟ್ಟು ಕಟ್ಟಿ ಅರಗು ಹಾಕಿಯೂ ಗೊತ್ತು. ಆದರೆ ಐವತ್ತೈದನೆಯ ವಯಸ್ಸಿನಲ್ಲಿ ಅಮೆರಿಕಕ್ಕೆ ಹೋಗಿ ನೊಣ ಕಟ್ಟಲು ಕಲಿತು ಬಂದೆ ಎಂದರೆ ನಮ್ಮ ಸ್ಟಾಫ್ ರೂಮಿನಲ್ಲಿ ಇವತ್ತಿಗೂ ಯಾರೂ ನಂಬುವುದಿಲ್ಲ. ನೀವೂ ನಗಬಹುದು. ನಗಿ, ಬೇಸರವಿಲ್ಲ.

ನಾನು ಹೋಗಬೇಕಾಗಿದ್ದದ್ದು ಬಾಣಂತನಕ್ಕೆ. 2023ರ ಜುಲೈಯಲ್ಲಿ ಮಗಳಿಗೆ ದಿನ ತುಂಬುವುದಿತ್ತು. ಅಂಟಿನ ಉಂಡೆಗೆ ಅಂಟು, ಬಜೆ, ಹಳೆಯ ಸೀರೆಯ ಮೆತ್ತನೆಯ ಬಟ್ಟೆ, ತಿಳಿಹಳದಿ ಉಲ್ಲನ್ನಿನಲ್ಲಿ ಹೆಣೆದ ಒಂದು ಕುಲಾವಿ, ಎಲ್ಲವನ್ನೂ ಜೋಡಿಸಿಟ್ಟಿದ್ದೆ. ಮಾರ್ಚ್‌ನಲ್ಲಿ, ಐದನೆಯ ತಿಂಗಳಲ್ಲಿ, ಎಲ್ಲ ಮುಗಿಯಿತು. ಟಿಕೆಟ್ಟನ್ನು ಏಪ್ರಿಲ್‌ಗೆ ಬದಲಾಯಿಸಿ, ಬೇಸಿಗೆ ರಜೆ ಶುರುವಾದ ಮರುದಿನವೇ ಹೊರಟೆ. ಉಳಿದದ್ದನ್ನೆಲ್ಲ ಪೆಟ್ಟಿಗೆಯಿಂದ ತೆಗೆದೆ. ಕುಲಾವಿಯನ್ನು ಮಾತ್ರ ಯಾಕೋ ತೆಗೆಯಲಾಗಲಿಲ್ಲ, ಅಡಿಯಲ್ಲಿ ಹಾಗೆಯೇ ಉಳಿಯಿತು.

ಮಗಳ ಮನೆ ಇರುವುದು ನ್ಯೂಯಾರ್ಕ್ ರಾಜ್ಯದ ಬಿಂಗ್‌ಹ್ಯಾಮ್ಟನ್‌ನಲ್ಲಿ. ಆ ಮನೆಯಲ್ಲಿ ಮಾತೇ ಇರಲಿಲ್ಲ. ಮಗಳು ಮಹಡಿಯ ಕೋಣೆಯಲ್ಲಿ ಕಿಟಕಿಯ ಕಡೆ ಮುಖ ಮಾಡಿ ಮಲಗಿರುವಳು. ಸಾರು ಅನ್ನ ಕಲಸಿ ಒಯ್ದರೆ ನಾಲ್ಕು ತುತ್ತು ತಿಂದು "ಸಾಕಮ್ಮ" ಎನ್ನುವಳು. ಅಳಿಯ ಕೆಲಸದಿಂದ ಬಂದವನು ಅವಳ ಕೋಣೆಗೆ ಹೋಗಿ ಸ್ವಲ್ಪ ಹೊತ್ತು ನಿಂತು, ಊಟ ಮಾಡಿ, ನೆಲಮಾಳಿಗೆಗೆ ಇಳಿದುಬಿಡುವನು. ಹನ್ನೊಂದಾದರೂ ಮೇಲೆ ಬಾರನು. ಏನು ಮಾಡುತ್ತಾನೆಂದು ಮಗಳನ್ನು ಕೇಳಿದರೆ, "ವೈಸ್ ಮುಂದೆ ಕೂತಿರ್ತಾನಮ್ಮ" ಎಂದಳು. ಇಂಗ್ಲಿಷ್ ಪಾಠ ಮಾಡುವ ನನಗೆ ಆ ಶಬ್ದಕ್ಕೆ ಮೊದಲು ಹೊಳೆದ ಅರ್ಥ ದುಶ್ಚಟ. ಎದೆ ಧಸಕ್ಕೆಂದಿತು. ಕುಡಿತವೋ, ಇಸ್ಪೀಟೋ?

ನಾಲ್ಕನೆಯ ರಾತ್ರಿ ಧೈರ್ಯ ಮಾಡಿ ಮೆಟ್ಟಿಲಿಳಿದೆ. ದೀಪದ ಕೆಳಗೆ ಮೇಜು. ಮೇಜಿನ ಅಂಚಿಗೆ ತಿರುಪು ಹಾಕಿ ಬಿಗಿದ ಒಂದು ಉಕ್ಕಿನ ಕಂಬ, ಅದರ ತುದಿಯಲ್ಲಿ ಹಕ್ಕಿಯ ಕೊಕ್ಕಿನಂಥ ಎರಡು ದವಡೆ, ಆ ದವಡೆಯಲ್ಲಿ ಕಚ್ಚಿಕೊಂಡ ಒಂದು ಮೀನಿನ ಗಾಳ. ಅಳಿಯ ಅದಕ್ಕೆ ಕೋಳಿಯ ಪುಕ್ಕ ಸುತ್ತುತ್ತಿದ್ದ. ಬಡಗಿಗಳು, ಫಿಟ್ಟರುಗಳು ಬಳಸುವ ಬೆಂಚ್ ವೈಸಿನ ಮೊಮ್ಮಗು ಅದು. ದುಶ್ಚಟವಲ್ಲವೆಂದು ಸಮಾಧಾನವಾಗಬೇಕಿತ್ತು, ನನಗೆ ಸಿಟ್ಟು ಬಂತು. ಮೇಲೆ ನನ್ನ ಮಗಳು ಗೋಡೆ ನೋಡುತ್ತ ಮಲಗಿದ್ದಾಳೆ, ಈ ಮಹರಾಯ ಕೋಳಿಪುಕ್ಕ ಹಿಡಿದು ಆಡುತ್ತಿದ್ದಾನೆ.

"ಮೀನು ಹಿಡಿಯೋಕೆ ಇಷ್ಟೊಂದು ಸಿದ್ಧತೆಯೇ?" ಎಂದೆ. ದನಿಯಲ್ಲಿ ಮುಳ್ಳಿತ್ತು, ಒಪ್ಪಿಕೊಳ್ಳುತ್ತೇನೆ.

ಅವನು ಏನೂ ಹೇಳದೆ ಡಬ್ಬಿಯೊಂದನ್ನು ತೆರೆದು ತೋರಿಸಿದ. ಸಾಲುಸಾಲಾಗಿ ಒಂದೇ ತರಹದ ಕಪ್ಪು ನೊಣಗಳು, ನೂರಕ್ಕೂ ಮೇಲೆ. ಏಪ್ರಿಲ್ 1 ಎಂದರೆ ಅಲ್ಲಿನ ಗಾಳದವರಿಗೆ ಯುಗಾದಿ ಇದ್ದ ಹಾಗೆ. ಈ ವರ್ಷ ಅವನು ಹೊಳೆಯ ಕಡೆ ತಲೆ ಹಾಕಿರಲಿಲ್ಲ. "ಅತ್ತೆ, ಅವಳ ಎದುರು ಅಳೋ ಹಾಗಿಲ್ಲ. ಕೈಗೆ ಏನಾದರೂ ಬೇಕಾಗಿತ್ತು" ಎಂದ. ನಾನು ಪಕ್ಕದ ಸ್ಟೂಲಿನ ಮೇಲೆ ಕೂತೆ. ಆಮೇಲೆ ಏನು ಮಾತಾಡಬೇಕೋ ಇಬ್ಬರಿಗೂ ತಿಳಿಯಲಿಲ್ಲ. "ಹೇಗೆ ಕಟ್ಟುವುದು, ತೋರಿಸಿ" ಎಂದೆ.

ಕಲಿಯುವವರಿಗೆ ಮೊದಲು ಕೊಡುವ ನೊಣದ ಹೆಸರು ವೂಲಿ ಬಗ್ಗರ್. ನಿಜವಾಗಿ ನೊಣದ ಹಾಗೇನೂ ಇಲ್ಲ, ಬಾಲವಿರುವ ಕಂಬಳಿಹುಳದ ಹಾಗಿದೆ. ಮೆತ್ತನೆಯ ತುಪ್ಪುಳದ ಬಾಲ, ಜೂಲಿನಂಥ ದಾರದ ಮೈ, ಮೈತುಂಬ ಸುರುಳಿಯಾಗಿ ಸುತ್ತಿದ ಕೋಳಿಗರಿ. ಮೊದಲ ಪಾಠ ಗಾಳವನ್ನು ದವಡೆಯಲ್ಲಿ ಕೂರಿಸುವುದು. ಬಾಗಿನ ಕೆಳಭಾಗವನ್ನು ಮಾತ್ರ ಕಚ್ಚಿಸಬೇಕು, ಕಡ್ಡಿ ನೆಲಕ್ಕೆ ಸಮನಾಗಿರಬೇಕು. ತೀರಾ ಬಿಗಿದರೆ ದವಡೆಗೂ ಪೆಟ್ಟು, ಗಾಳಕ್ಕೂ ಪೆಟ್ಟು. ಸಡಿಲವಾದರೆ ದಾರ ಎಳೆದಾಗ ಗಾಳ ತಲೆ ತಗ್ಗಿಸುತ್ತದೆ. ಗಾಳದ ನಂಬರೂ ತಲೆಕೆಳಗು, ಅಂಕಿ ದೊಡ್ಡದಾದಷ್ಟೂ ಗಾಳ ಚಿಕ್ಕದು. ಹೊಲಿಗೆ ಸೂಜಿಯ ನಂಬರು ಗೊತ್ತಿರುವ ಹೆಂಗಸರಿಗೆ ಇದೊಂದು ಕಷ್ಟವೇ? ನನಗೆ ಕೊಟ್ಟದ್ದು 8ನೇ ನಂಬರು, ಚಾಳೀಸು ಬಂದವರಿಗೆ ಅದೇ ಸರಿ.

ದಾರದ ಬಾಬಿನ್ನನ್ನು ಸುತ್ತಿ ಸುತ್ತಿ ದಾರದ ಮೇಲೇ ದಾರ ಕೂರಿಸಿದರೆ ಗಂಟಿಲ್ಲದೆ ಕಚ್ಚಿಕೊಳ್ಳುತ್ತದೆ. ನನ್ನ ದಾರ ಗಾಳದ ಮೊನೆಗೆ ತಾಗಿ ಮೂರು ಸಲ ತುಂಡಾಯಿತು. ಕೊನೆಗೆ ಹಾಕುವ ಗಂಟನ್ನು ನೋಡಿ ನಗು ಬಂತು. ಅವನು ತೋರಿಸಿದ ಸುಲಭದ ಗಂಟು, ನಾವು ಹೂವಿನ ತೊಟ್ಟಿಗೆ ನಾರಿನ ಕುಣಿಕೆ ಎಸೆದು ಎಳೆಯುತ್ತೇವಲ್ಲ, ಅದೇ! ನಾನು ಬೆರಳಲ್ಲೇ ಹಾಕಿ ತೋರಿಸಿದೆ. ಅಳಿಯ ಬೆರಗಾಗಿ ನೋಡಿದ. ಆದರೆ ನನ್ನ ಮೊದಲ ನೊಣದಲ್ಲಿ ಗಂಟು ಹಾಕಲು ಜಾಗವೇ ಉಳಿದಿರಲಿಲ್ಲ. ಗಾಳದ ಕಣ್ಣಿನವರೆಗೂ ಜೂಲು ತುಂಬಿಬಿಟ್ಟಿದ್ದೆ. ಮೂವತ್ತು ವರ್ಷ ಮಕ್ಕಳಿಗೆ "ಅಂಚು ಬಿಟ್ಟು ಬರೀರೋ" ಎಂದು ಕೂಗಿದವಳು ನಾನು.

ಮತ್ತೆ ದಿನವೂ ರಾತ್ರಿ ಇಬ್ಬರೂ ಇಳಿಯತೊಡಗಿದೆವು. ಅವನ ಪೆಟ್ಟಿಗೆಯಲ್ಲಿ ನವಿಲುಗರಿ ಇತ್ತು. ಅದರ ಒಂದೊಂದು ಎಳೆಯನ್ನು ನೊಣದ ಮೈಗೆ ಸುತ್ತುತ್ತಾರೆ. ಪುಸ್ತಕದಲ್ಲಿಟ್ಟರೆ ಮರಿ ಹಾಕುತ್ತದೆಂದು ನಾವು ಕಾದದ್ದು ಇದೇ ಗರಿಗಾಗಿ. ನಮ್ಮ ಮಲೆನಾಡಿನ ಬೂದು ಕಾಡುಕೋಳಿಯ ಕುತ್ತಿಗೆಯ ಗರಿಯ ಚಿತ್ರವೂ ಅವನ ಪುಸ್ತಕದಲ್ಲಿತ್ತು. ತುದಿಯಲ್ಲಿ ಮೇಣ ಬಿದ್ದಂಥ ಹಳದಿ ಬಿಳಿ ಚುಕ್ಕೆಯ ಆ ಗರಿಗಾಗಿ ಬ್ರಿಟಿಷರ ಸಾಮನ್ ನೊಣಗಳಿಗೆಂದು ಎಷ್ಟು ಹಕ್ಕಿ ಹೋದವೋ. 1960ರ ದಶಕದ ಕೊನೆಯಲ್ಲಿ ನಮ್ಮ ಸರ್ಕಾರ ಅದರ ರಫ್ತನ್ನು ನಿಲ್ಲಿಸಿತು.

ಸಸ್ಯಾಹಾರಿಯಾದ ನನಗೆ ಒಳಗೊಳಗೆ ಕೊರೆಯುತ್ತಲೇ ಇತ್ತು. ಶೃಂಗೇರಿಯಲ್ಲಿ ತುಂಗೆಯ ಮೀನುಗಳಿಗೆ ಮಂಡಕ್ಕಿ ಹಾಕಿ ಬೆಳೆದವಳು ಗಾಳ ಸಿಂಗರಿಸುವುದೇ? ಅಳಿಯ ಹಿಮ್ಮುಳ್ಳನ್ನು ಇಕ್ಕಳದಿಂದ ಅದುಮಿ, ಹಿಡಿದ ಮೀನನ್ನು ಬಿಟ್ಟುಬಿಡುತ್ತಾನಂತೆ. ಬಿಡುವುದಾದರೆ ಹಿಡಿಯುವುದೇಕೆ ಎಂದು ಕೇಳಿದೆ. ಅದಕ್ಕೆ ಅವನಲ್ಲಿ ಸರಿಯಾದ ಉತ್ತರವಿರಲಿಲ್ಲ, ಈಗಲೂ ಇಲ್ಲ. ಬದಲಿಗೆ ಮೆಗನ್ ಬಾಯ್ಡ್ ಎಂಬಾಕೆಯ ವಿಷಯ ಓದಲು ಕೊಟ್ಟ. 1915ರಲ್ಲಿ ಹುಟ್ಟಿ 2001ರಲ್ಲಿ ತೀರಿಕೊಂಡ ಈಕೆ ಸ್ಕಾಟ್ಲೆಂಡಿನ ಬ್ರೋರಾ ಬಳಿ ಒಂದು ಗುಡಿಸಲಲ್ಲಿ ಕೂತು ಜೀವಮಾನವಿಡೀ ಸಾಮನ್ ನೊಣ ಕಟ್ಟಿದವಳು. 1971ರಲ್ಲಿ ಬ್ರಿಟಿಷ್ ಎಂಪೈರ್ ಪದಕ ಬಂದಾಗ, ನಾಯಿಯನ್ನು ನೋಡಿಕೊಳ್ಳುವವರಿಲ್ಲವೆಂದು ರಾಣಿಯ ಅರಮನೆಗೂ ಹೋಗಲಿಲ್ಲ. ಮೀನು ಕೊಲ್ಲುವುದಕ್ಕೆ ಮಾತ್ರ ಆಕೆಗೆ ಮನಸ್ಸಿರಲಿಲ್ಲ. ಓದಿ ನನಗೆ ಎಷ್ಟು ಹಾಯೆನಿಸಿತೆಂದರೆ, ಅವಳ ಹೆಸರು ಹೇಳಿಕೊಂಡು ಆ ರಾತ್ರಿ ಎರಡು ನೊಣ ಹೆಚ್ಚು ಕಟ್ಟಿದೆ.

ಮೂರನೆಯ ವಾರದಲ್ಲಿರಬೇಕು, ಗಾಳ ಹೆಬ್ಬೆರಳಿಗೆ ಚುಚ್ಚಿ ನಾನು ಕೂಗಿದ್ದು ಮಹಡಿಯವರೆಗೂ ಕೇಳಿಸಿತು. ಮೆಟ್ಟಿಲ ಮೇಲೆ ಹೆಜ್ಜೆಯ ಸದ್ದು. ಮಗಳು ಶಾಲು ಹೊದ್ದು ಬಂದು ನಿಂತಳು. ನನ್ನ ಬೆರಳು ನೋಡಿದಳು, ಮೇಜಿನ ಮೇಲಿದ್ದ ನನ್ನ ನೊಣಗಳನ್ನು ನೋಡಿದಳು. "ಅಮ್ಮ, ಇದೇನು ಇಲಿ ಕಟ್ಟಿದ್ದೀಯಾ?" ಎಂದು ನಕ್ಕಳು. ಅಳಿಯ ಬಾಬಿನ್ ಕೆಳಗಿಟ್ಟು ಆಚೆ ತಿರುಗಿ ಮೂಗು ಒರೆಸಿಕೊಂಡ.

ಮಗಳೂ ಬಂದ ಮೇಲೆ ಒಂದೇ ವೈಸ್ ಸಾಲದಾಯಿತು. ಭಾನುವಾರ ಮೂವರೂ ಒಂದೂವರೆ ಗಂಟೆ ಕಾರಿನಲ್ಲಿ ಹೋಗಿ, ಬೀವರ್‌ಕಿಲ್ ಮತ್ತು ವಿಲ್ಲೋವೆಮಾಕ್ ಹೊಳೆಗಳು ಕೂಡುವ ರಾಸ್ಕೋ ಮುಟ್ಟಿದೆವು. ಅದು ಪುಟ್ಟ ಊರು. ಡೆಟ್ಟೆ ದಂಪತಿಯ ಊರೂ ಅದೇ. ಕಸುಬು ಹೇಳಿಕೊಡಲು ಗುರು ಒಪ್ಪದಿದ್ದಾಗ, ಆತನೇ ಕಟ್ಟಿದ ನೊಣಗಳನ್ನು ಕೊಂಡು ತಂದು ಗಂಡ ವಾಲ್ಟ್ ಒಂದೊಂದು ಸುತ್ತು ಬಿಚ್ಚುತ್ತ ಹೋದರಂತೆ, ಹೆಂಡತಿ ವಿನ್ನಿ ಬರೆದುಕೊಳ್ಳುತ್ತ ಹೋದರಂತೆ. ಮುಂದೆ ಮಗಳು ಮೇರಿಯೂ ಅದೇ ಕೆಲಸ ಮಾಡಿದರು. ಬರೆದುಕೊಂಡ ವಿನ್ನಿಗೆ ನನ್ನ ಓಟು.

ಅಂಗಡಿಯಲ್ಲಿ ವೈಸ್‌ಗಳ ಸಾಲು. ಅಳಿಯ ನೋಡಿದ್ದು ಇನ್ನೂರು ಡಾಲರಿನ ಆಸುಪಾಸಿನದು. ಅದರ ದವಡೆ ಗಾಳದ ಸಮೇತ ಗಿರಗಿರನೆ ತಿರುಗುತ್ತದೆ, ದಾರ ಸುತ್ತುವ ಬದಲು ಗಾಳವನ್ನೇ ತಿರುಗಿಸಬಹುದು. ಕಲಿಯುವವಳಿಗೆ ಅದೇಕೆ? ರಾಗ ತಿಳಿಯದವಳಿಗೆ ವೀಣೆಯೇ? ಮೂವತ್ತು ಡಾಲರಿನದೊಂದು ಕೈಗೆತ್ತಿಕೊಂಡೆ. ಅಡಿಯಲ್ಲಿ ನಮ್ಮ ದೇಶದ ಹೆಸರು. ಅಲ್ಲಿ ಅಗ್ಗದ ವೈಸ್‌ಗಳು ಬಹಳಷ್ಟು ನಮ್ಮಲ್ಲಿಂದಲೇ ಹೋಗುತ್ತವೆ. ಅಭಿಮಾನದಿಂದ ಅದನ್ನೇ ಕೊಳ್ಳೋಣವೆಂದು ಗಾಳ ಕಚ್ಚಿಸಿ, ಸಂತೆಯಲ್ಲಿ ಕೊಡದ ಬೆಸುಗೆ ನೋಡುವಂತೆ ದಾರ ಕಟ್ಟಿ ಜಗ್ಗಿದೆ. ಜಾರಿತು. ಇನ್ನೊಮ್ಮೆ ಬಿಗಿದು ಜಗ್ಗಿದೆ. ಮತ್ತೆ ಜಾರಿತು. ಅಂಗಡಿಯವರು ಪಾಪ, ಏನೂ ಅನ್ನಲಿಲ್ಲ.

ಕೊನೆಗೆ ನಾನು ಆರಿಸಿದ್ದು ನಡುವಿನದು. ತಿರುಗುವ ಸೊಗಸಿಲ್ಲ. ಸನ್ನೆ ಒತ್ತಿದರೆ ದವಡೆ ಮುಚ್ಚುತ್ತದೆ, 4ನೇ ನಂಬರಿನಿಂದ 18ನೇ ನಂಬರಿನವರೆಗೆ ಕೊಟ್ಟ ಗಾಳವನ್ನೆಲ್ಲ ಅಲುಗದೆ ಹಿಡಿಯಿತು. ಭಾರದ ಪೀಠದ ಮೇಲೆ ನಿಲ್ಲುವ ಬಗೆಯದೂ ಇತ್ತು, ಎಲ್ಲಿ ಬೇಕಾದರೂ ಇಟ್ಟುಕೊಳ್ಳಬಹುದು. ಆದರೆ ವಿಮಾನದಲ್ಲಿ ಆ ಕಬ್ಬಿಣದ ತೂಕ ಯಾರು ಹೊರುತ್ತಾರೆ? ಮೇಜಿಗೆ ತಿರುಪು ಬಿಗಿಯುವಂಥದ್ದೇ ಸಾಕೆಂದೆ, ಮೇಜಿಗೆ ಬಿಗಿದು ಕಾಯಿ ತುರಿಯುವ ಯಂತ್ರ ನಮ್ಮ ಅಡುಗೆಮನೆಯಲ್ಲೂ ಇದೆಯಲ್ಲ. ಅಂಚು ದಪ್ಪವಾದ ಮೇಜಿಗೆ ಕೂರುವುದಿಲ್ಲ ಎಂಬುದೊಂದೇ ಅದರ ದೋಷ.

ಹೊಳೆಯ ದಡಕ್ಕೂ ಹೋದೆವು. ಮಧ್ಯಾಹ್ನ ಕಳೆದ ಹೊತ್ತು. ನೀರಿನ ಮೇಲೆ ಸಣ್ಣ ಬೂದು ರೆಕ್ಕೆಯ ಹುಳಗಳು ಏಳುತ್ತಿದ್ದವು. ಇವುಗಳ ಹಾಗೆಯೇ ನೊಣ ಕಟ್ಟುವುದು ಎಂದ ಅಳಿಯ. ವರ್ಷವಿಡೀ ನೀರಿನಡಿ ಕಲ್ಲಿಗೆ ಅಂಟಿಕೊಂಡಿದ್ದು, ರೆಕ್ಕೆ ಬಂದ ಮೇಲೆ ಒಂದೆರಡು ದಿನ ಬದುಕುತ್ತವಂತೆ. ಆಗ ತಿನ್ನಲೂ ಆಗದಂತೆ. ಮಗಳು ಬಹಳ ಹೊತ್ತು ನೋಡುತ್ತ ನಿಂತಳು. ನಾನು ಮಾತಾಡಲಿಲ್ಲ.

ಆ ರಾತ್ರಿ ಹೊಸ ವೈಸಿನ ಮುಂದೆ ಕೂತು ದಾರ ಸುತ್ತುತ್ತ, ತಲೆ ಎತ್ತದೆ ಕೇಳಿದಳು. "ಅಮ್ಮ, ಕುಲಾವಿ ಹೆಣೀತಿದ್ದೀನಿ ಅಂದಿದ್ದೆಯಲ್ಲ, ಮುಗಿದಿತ್ತಾ?"

"ಮುಗಿದಿತ್ತು. ಪೆಟ್ಟಿಗೇಲಿದೆ."

"ವಾಪಸ್ ಒಯ್ಯಬೇಡ. ಇಲ್ಲೇ ಇರಲಿ."

ಗಾಳದ ಕಣ್ಣಿನ ಹತ್ತಿರ ಬಂದಾಗ ಅವಳಿಗೂ ಜಾಗ ಉಳಿಯಲಿಲ್ಲ. "ಅಂಚು ಬಿಡೇ" ಎಂದೆ. ನಾಲ್ಕು ಸುತ್ತು ಬಿಚ್ಚಿ ಮತ್ತೆ ಸುತ್ತಿದಳು.

ಮೇ ಕೊನೆಯಲ್ಲಿ ನಾನು ಹೊರಟಾಗ ಹೊಸ ವೈಸನ್ನು ನನ್ನ ಪೆಟ್ಟಿಗೆಗೇ ಹಾಕಿದರು. ಅವರಿಬ್ಬರಿಗೂ ಹಳೆಯದೊಂದೇ ಸಾಕಂತೆ, ಸರದಿಯ ಮೇಲೆ ಕೂರುತ್ತಾರಂತೆ. ಈಗ ಅದು ಕೊಪ್ಪದ ನಮ್ಮ ಮನೆಯಲ್ಲಿ, ನಾನು ಪೇಪರು ತಿದ್ದುವ ಮೇಜಿನ ಮೂಲೆಯಲ್ಲಿದೆ. ಅಲ್ಲಿಗೆ ಹೋಗುವವರು ಯಾರಾದರೂ ಸಿಕ್ಕಿದರೆ ಉಪ್ಪಿನಕಾಯಿಯ ಜೊತೆಗೆ ಆರೇಳು ವೂಲಿ ಬಗ್ಗರ್ ಕಳಿಸುತ್ತೇನೆ. ಮಗಳು ಒಂದೊಂದಕ್ಕೂ ಹತ್ತಕ್ಕೆ ಅಂಕ ಹಾಕಿ ತಿಳಿಸುತ್ತಾಳೆ. ಹೋದ ಸಲ ಆರೂವರೆ ಬಂತು. ಬಾಲ ಉದ್ದವಾಯಿತಂತೆ.